ತಟ್ಟೆ ಇಡ್ಲಿ ಊರಲ್ಲಿ ಸ್ವೀಡನ್ ಬನ್ನು

ಹೋದ ತಿಂಗಳು ಈ ಅಂಕಣದಲ್ಲಿ ಮನೇಲಿ ಬೆಣ್ಣೆ ಬಿಸ್ಕತ್ತು ಮಾಡೋದರ ಬಗ್ಗೆ ನಾಲ್ಕು ಸಾಲು ಬರೆದು, ಬೇರೆ ದೇಶದ್ದು ಏನಾದ್ರೂ ಟ್ರೈ ಮಾಡಿದ್ರೆ ನಂಗೂ ಹೇಳಿ ಅಂದಿದ್ದೆ. ತಪ್ಪಾಯ್ತು ನೋಡಿ, ವಾಟ್ಸಾಪ್ ತುಂಬ ಫೋಟೋಗಳೇ ಫೋಟೋಗಳು, ಅರ್ಧ ಸೀದಿರೋವು, ಇನ್ನರ್ಧ ಏನು ಅಂತ ಗುರುತೇ ಸಿಗದಿರೋವು. ನಗಲ್ಲ ಬಿಡಿ, ನಂದೂ ಹಂಗೇ ಆಗ್ತಿತ್ತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದಲೇ ಜಾಸ್ತಿ ಬಂದಿದ್ರಿಂದ ಈ ಸಲ ಅವರಿಗೇ ಜಾಗ. ಹೆಸರು ಹಾಕಬೇಡಿ ಅಂದೋರು ಸುಮಾರು ಜನ, ಅದಕ್ಕೆ ಯಾರದ್ದೂ ಹಾಕಿಲ್ಲ.

ಅಕ್ಕಾ, ಯೂಟ್ಯೂಬ್ ನೋಡ್ಕೊಂಡು ಅಮೆರಿಕದೋರ ಚಾಕ್ಲೇಟ್ ಚಿಪ್ ಕುಕ್ಕೀಸ್ ಮಾಡ್ದೆ. ಬೆಣ್ಣೆ ತಾನಾಗೇ ಕರಗಿತ್ತು, ಸರಿ ಅಂತ ಹಂಗೇ ಹಾಕ್ದೆ. ಹನ್ನೆರಡು ಉಂಡೆ ಇಟ್ಟಿದ್ದೆ, ತೆಗ್ದಾಗ ಟ್ರೇ ತುಂಬಾ ಒಂದೇ ರೊಟ್ಟಿ. ನಮ್ಮನೆಯವ್ರು ಚಾಕು ತಂದು ಕೇಕ್ ಥರ ಕಟ್ ಮಾಡಿದ್ರು. ಎಲ್ಲಿ ಎಡವಟ್ಟಾಯ್ತು? – ಶಿರಾದಿಂದ, ಒಂದೇ ಬಿಸ್ಕತ್ತಿನ ಒಡತಿ

ನೀವೇ ಹೇಳ್ಬಿಟ್ರಲ್ಲಮ್ಮ, ಬೆಣ್ಣೆ ತಾನಾಗೇ ಕರಗಿತ್ತು ಅಂತ. ಆ ಕಡೆ ದೇಶದ ರೆಸಿಪಿಗಳಲ್ಲಿ ರೂಮ್ ಟೆಂಪರೇಚರ್ ಬೆಣ್ಣೆ ಅಂತ ಬರೆದಿರ್ತಾರೆ, ಅವರ ರೂಮು ಅಂದ್ರೆ ಸುಮಾರು 20 ಡಿಗ್ರಿ. ಶಿರಾದಲ್ಲಿ ಏಪ್ರಿಲ್ ಮಧ್ಯಾಹ್ನ ರೂಮ್ ಟೆಂಪರೇಚರಿಗೆ ಅಂತ ಬೆಣ್ಣೆ ಹೊರಗಿಟ್ರೆ ಅದು ತುಪ್ಪ ಆಗೋ ದಾರಿ ಹಿಡಿಯತ್ತೆ, ಯಾಕಂದ್ರೆ ಬೆಣ್ಣೆ 32ರಿಂದ 35 ಡಿಗ್ರಿಗೆಲ್ಲ ಕರಗೋ ಪದಾರ್ಥ. ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳಬೇಕು, ಬೆರಳು ಒಳಗೆ ಹೋಗ್ಬಾರದು, ಮೇಲೆ ಎಣ್ಣೆ ಹೊಳಪು ಬಂದಿರಬಾರದು, ಅದು ಹದ. ಬೆಣ್ಣೆ ಸಕ್ಕರೆ ಸೇರಿಸಿ ತಿರುವ್ತೀವಲ್ಲ, ಅದು ಸಿಹಿ ಮಾಡೋಕಷ್ಟೇ ಅಲ್ಲ, ಸಕ್ಕರೆ ಹರಳು ಬೆಣ್ಣೆ ಒಳಗೆ ಸಣ್ಣ ಸಣ್ಣ ಗಾಳಿ ಗುಳ್ಳೆ ಮಾಡತ್ತೆ, ಕರಗಿರೋ ಬೆಣ್ಣೇಲಿ ಆ ಗುಳ್ಳೆ ನಿಲ್ಲೋದೇ ಇಲ್ಲ. ಆದ್ರಿಂದ ಬೇಸಿಗೇಲಿ ಉಂಡೆ ಮಾಡಿ ಟ್ರೇ ಸಮೇತ ಒಂದು ಗಂಟೆ ಫ್ರಿಜ್ಜಲ್ಲಿಡಿ, ಓವನ್ ಪೂರ್ತಿ ಕಾದ ಮೇಲೇ ಒಳಗೆ ಹಾಕಿ. ಕಾಯದೇ ಇರೋ ಓವನ್‌ಗೆ ಹಾಕಿದ್ರೆ ಅಂಚು ಗಟ್ಟಿ ಆಗೋಕೆ ಮುಂಚೇನೇ ಬೆಣ್ಣೆ ಹರಿದುಬಿಡತ್ತೆ. ಎರಡನೇ ಬ್ಯಾಚಿಗೆ ಅದೇ ಬಿಸಿ ಟ್ರೇ ಮೇಲೆ ಉಂಡೆ ಇಡೋದೂ ಬೇಡ, ಆರಲಿ.

ಇನ್ನೊಂದು, ಅಳತೆ. ಅವರ ಒಂದು ಕಪ್ ಅಂದ್ರೆ ಸುಮಾರು 240 ಎಂಎಲ್, ಅದರಲ್ಲಿ ಮೈದಾ 125 ಗ್ರಾಂ ಆಸುಪಾಸು, ಸಕ್ಕರೆ 200. ನಿಮ್ಮನೆ ಕಾಫಿ ಲೋಟ ಅದಲ್ಲ. ಒಂದು ಸ್ಟಿಕ್ ಬೆಣ್ಣೆ ಅಂತ ಬರೆದಿದ್ರೆ 113 ಗ್ರಾಂ. ಒಂದು ಡಿಜಿಟಲ್ ತಕ್ಕಡಿ ತಗೊಳ್ಳಿ ಸಾಕು, ಓವನ್‌ಗಿಂತ ಅದೇ ಮುಖ್ಯ ಅಂತ ನಾನು ಯಾವಾಗ್ಲೂ ಹೇಳೋದು.

ನನ್ನ ಕತೆ ಹೇಳಿಬಿಡ್ತೀನಿ. ಮೊದಲನೇ ಸಲ ಓಟಿಜಿ, ಅಂದ್ರೆ ಕರೆಂಟಿನ ಚಿಕ್ಕ ಓವನ್, ತಂದಾಗ ರೆಸಿಪೀಲಿ 350 ಡಿಗ್ರಿ ಅಂತ ಇತ್ತು, ನಮ್ಮ ಓಟಿಜಿ ಗುಂಡಿ 250ಕ್ಕೇ ಮುಗಿದುಹೋಗತ್ತೆ, ಸರಿ ಇರೋದ್ರಲ್ಲಿ ಪೂರ್ತಿ ಇಡೋಣ ಅಂತ ಇಟ್ಟೆ. ಹತ್ತು ನಿಮಿಷಕ್ಕೆ ಮನೆ ತುಂಬಾ ಹೊಗೆ, ನಮ್ಮತ್ತೆ ಪಾಪ ಸಿಲಿಂಡರ್ ಆಫ್ ಮಾಡೋಕೆ ಓಡಿದ್ರು. ಆಮೇಲೆ ಗೊತ್ತಾಯ್ತು ಅದು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ 175 ಅಷ್ಟೇ. ಬಿಸ್ಕತ್ತು ಇದ್ದಿಲಾಗಿತ್ತು, ತುಳಸಿ ಕುಂಡಕ್ಕೆ ಹಾಕಿದ್ವಿ.

ಕೈ ಕುದುರೋಕೆ ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ ಮಾಡಿ ನೋಡಿ. ಸಕ್ಕರೆ 1, ಬೆಣ್ಣೆ 2, ಮೈದಾ 3, ತೂಕದ ಲೆಕ್ಕ, ಒಂದು ಚಿಟಿಕೆ ಉಪ್ಪು, ಮುಗೀತು. ಸೋಡಾ ಇಲ್ಲ, ಮೊಟ್ಟೆ ಇಲ್ಲ. 300 ಗ್ರಾಂ ಮೈದಾದಲ್ಲಿ 50 ಗ್ರಾಂ ತೆಗೆದು ಅಷ್ಟೇ ಅಕ್ಕಿ ಹಿಟ್ಟು ಹಾಕಿ, ಇದು ನಮ್ಮ ಕಿತಾಪತಿ ಅಲ್ಲ, ಅಲ್ಲಿಯವರೂ ಹಾಕ್ತಾರೆ, ಕರುಂ ಅನ್ನತ್ತೆ. 160 ಡಿಗ್ರಿ, 20ರಿಂದ 25 ನಿಮಿಷ, ಬಣ್ಣ ಬರೋದು ಬೇಡ, ಅಂಚು ಸ್ವಲ್ಪ ಹೊಂಬಣ್ಣ ಆದ್ರೆ ಸಾಕು. ಬಿಸಿ ಇದ್ದಾಗ ಮೆತ್ತಗಿದೆ ಅಂತ ಮತ್ತೆ ಒಳಗೆ ತಳ್ಳಬೇಡಿ, ಆರಿದ ಮೇಲೇ ಅದು ಬಿಸ್ಕತ್ತಾಗೋದು.

ಮೇಡಂ, ನಮ್ದು ತೆಂಗಿನ ತೋಟ. ಕೊಬ್ಬರಿ ಹಾಕಿ ಮಾಡೋ ಹೊರಗಿನ ಬಿಸ್ಕತ್ತು ಯಾವ್ದಾದ್ರೂ ಐತಾ? ಕೊಬ್ಬರಿ ಮಿಠಾಯಿ ತಿಂದು ತಿಂದು ಸಾಕಾಗೈತೆ. – ತಿಪಟೂರು

ಐತೆ ಸ್ವಾಮಿ, ಹೊರಗಿನದು ಅಂದ್ರೆ ತುಂಬ ದೂರ ಏನಲ್ಲ, ಗೋವಾ. ಬೋಲಿನ್ಯಾಸ್ ಅಂತಾರೆ, ಅಲ್ಲಿನ ಕ್ರಿಸ್ತಿಯನ್ನರ ಮನೇಲಿ ಕ್ರಿಸ್ಮಸ್ಸಿಗೆ ಮಾಡೋದು, ಪೋರ್ಚುಗೀಸರ ಕಾಲದಿಂದ ಬಂದ ರುಚಿ. ಆದ್ರೆ ನಿಮ್ಮ ಉಂಡೆ ಕೊಬ್ಬರಿ ಬೇಡ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿರೋ ಅದಕ್ಕೆ ಎಣ್ಣೆ ಜಾಸ್ತಿ, ಬಿಸ್ಕತ್ತು ಜಿಡ್ಡಾಗತ್ತೆ. ಹಸಿ ಕಾಯಿ ತುರಿ 250 ಗ್ರಾಂ, ಮಿಕ್ಸೀಲಿ ನೀರು ಹಾಕದೆ ಒಂದು ಸುತ್ತು. ಸಕ್ಕರೆ 250 ಗ್ರಾಂ, ಸ್ವಲ್ಪ ನೀರು ಹಾಕಿ ಪಾಕ ಬರ್ತಿದ್ದಂಗೆ ಕಾಯಿ ತುರಿ, ಅಷ್ಟೇ ತೂಕದ ರವೆ ಹಾಕಿ ಗೊಟಾಯಿಸಿ, ತಳ ಬಿಡೋ ಹೊತ್ತಿಗೆ ಇಳಿಸಿ. ಪೂರ್ತಿ ಆರಿದ ಮೇಲೆ ಎರಡು ಮೊಟ್ಟೆಯ ಹಳದಿ, ಏಲಕ್ಕಿ. ಈಗ ಆತುರ ಪಡಬೇಡಿ, ರಾತ್ರಿ ಪೂರ್ತಿ ಮುಚ್ಚಿ ಫ್ರಿಜ್ಜಲ್ಲಿಡಿ, ರವೆ ನೆನೆಯಬೇಕು, ಇಲ್ಲಾಂದ್ರೆ ಹಲ್ಲಿಗೆ ಮರಳು ಸಿಕ್ಕಂಗಾಗತ್ತೆ. ಬೆಳಿಗ್ಗೆ ನಿಂಬೆ ಗಾತ್ರದ ಉಂಡೆ ಮಾಡಿ, ಸ್ವಲ್ಪ ಚಪ್ಪಟೆ ಒತ್ತಿ, ಫೋರ್ಕಲ್ಲಿ ಅಡ್ಡ ಉದ್ದ ಗೆರೆ ಹಾಕಿ, 180 ಡಿಗ್ರಿ, 20ರಿಂದ 25 ನಿಮಿಷ. ರವೆ ಉಂಡೆ ಕಟ್ಟೋ ಕೈಗೆ ಇದು ಯಾವ ಲೆಕ್ಕ.

ಅಕ್ಕಾ ನಮಸ್ತೆ, ನಂಗೆ ಬನ್ನು, ಸ್ವೀಟ್ ಬ್ರೆಡ್ ಅಂದ್ರೆ ಪ್ರಾಣ. ಮಾಡಿದ ದಿನ ಚೆನ್ನಾಗಿರತ್ತೆ, ಮಾರನೇ ದಿನ ಕಲ್ಲು. ಫ್ರಿಜ್ಜಲ್ಲಿ ಇಟ್ರೂ ಕಲ್ಲು. ಬೇಕರಿ ಬನ್ನು ಮೂರು ದಿನ ಮೆತ್ತಗಿರತ್ತಲ್ಲ, ಅವ್ರು ಏನು ಹಾಕ್ತಾರೆ? – ಚಿಕ್ಕಬಳ್ಳಾಪುರ

ಫ್ರಿಜ್ಜಲ್ಲಿ ಇಟ್ರೂ ಅಲ್ಲ ತಾಯಿ, ಫ್ರಿಜ್ಜಲ್ಲಿ ಇಟ್ಟಿದ್ದಕ್ಕೇ. ಅನ್ನ ಮಿಕ್ಕಿದ್ದು ಫ್ರಿಜ್ಜಲ್ಲಿಟ್ರೆ ಬೆಳಿಗ್ಗೆ ಕಾಳು ಕಾಳಾಗಿ ಗಟ್ಟಿ ಆಗಿರತ್ತಲ್ಲ, ಚಿತ್ರಾನ್ನಕ್ಕೆ ಒಳ್ಳೇದು ಅಂತೀವಲ್ಲ, ಬನ್ನಿಗೆ ಆಗೋದೂ ಅದೇ. ಬೆಂದಾಗ ನೀರು ಕುಡಿದು ಅರಳಿದ ಪಿಷ್ಟ ತಣ್ಣಗಾಗ್ತಾ ಮತ್ತೆ ಬಿಗಿಯಾಗಿ ಜೋಡಿಸಿಕೊಳ್ಳತ್ತೆ, ಫ್ರಿಜ್ಜಿನ ತಂಪಲ್ಲಿ ಅದು ಇನ್ನೂ ಬೇಗ. ಹೊರಗೆ ಡಬ್ಬೀಲಿ ಎರಡು ದಿನ, ಮಿಕ್ಕಿದ್ದು ಫ್ರೀಜರ್, ನಡುವೆ ಇರೋ ಫ್ರಿಜ್ ಮಾತ್ರ ಬೇಡ.

ಬೇಕರಿಯೋರು ಬ್ರೆಡ್ ಇಂಪ್ರೂವರ್ ಅಂತ ಪುಡಿ ಹಾಕ್ತಾರೆ, ನಮಗೆ ಅದರ ಸಹವಾಸ ಬೇಡ, ನಮಗೆ ಅಂಬಲಿ ಇದೆ. ತಮಾಷೆ ಅಲ್ಲ. ಜಪಾನಿನೋರು ಯುದಾನೆ ಅಂತ ಹಿಟ್ಟಿಗೆ ಕುದಿಯೋ ನೀರು ಹುಯ್ದು ಕಲಸಿಡ್ತಾರೆ, ಚೀನೀ ಬ್ರೆಡ್‌ಗಳಲ್ಲಿ ತಾಂಗ್‌ಝಾಂಗ್ ಅಂತ ಒಂದು ಭಾಗ ಹಿಟ್ಟಿಗೆ ಐದು ಭಾಗ ನೀರೋ ಹಾಲೋ ಹಾಕಿ ಗಂಜಿ ಥರ ಕಾಸ್ತಾರೆ. ಹೆಸರು ಕೇಳಿ ಹೆದರ್ಕೋಬೇಡಿ, ಮೊದಲನೇದು ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸೋದು, ಎರಡನೇದು ಅಂಬಲಿ ಕಾಸೋದು. 65 ಡಿಗ್ರಿ ಹತ್ತಿರ ಬಂದಾಗ ಹಿಟ್ಟು ಹಸಿಯಾಗಿ ಕುಡಿಯೋದಕ್ಕಿಂತ ಎಷ್ಟೋ ಪಟ್ಟು ನೀರು ಹೀರ್ಕೊಳ್ಳತ್ತೆ, ಆ ನೀರು ಬನ್ನಿನ ಒಳಗೇ ಉಳಿಯತ್ತೆ, ಅದಕ್ಕೇ ಮೂರನೇ ದಿನಾನೂ ಮೆತ್ತಗೆ.

ಇದನ್ನ ಸ್ವೀಡನ್ನಿನ ಏಲಕ್ಕಿ ಬನ್ನಿಗೆ ಹಾಕಿ ಮಾಡೋದು ನಂಗೆ ತುಂಬಾ ಇಷ್ಟ. ಹೌದು, ಏಲಕ್ಕಿ. ನಮ್ಮ ಪಶ್ಚಿಮ ಘಟ್ಟದ ಕಾಡಿನ ಗಿಡ, ಅದನ್ನ ಸ್ವೀಡನ್ನು ಫಿನ್ಲೆಂಡಿನೋರು ಬ್ರೆಡ್ಡಿಗೆ ಹಾಕೋ ಥರ ನಾವು ಹಾಕೋದೇ ಇಲ್ಲ, ನಮ್ಮದೆಲ್ಲ ಚಿಟಿಕೆ ಲೆಕ್ಕ, ಅವರದ್ದು ಚಮಚ ಲೆಕ್ಕ. ಸ್ವೀಡನ್ನಲ್ಲಿ 1999ರಿಂದ ಪ್ರತಿ ವರ್ಷ ಅಕ್ಟೋಬರ್ 4ಕ್ಕೆ ದಾಲ್ಚಿನ್ನಿ ಬನ್ನಿನ ದಿನ ಅಂತಾನೇ ಆಚರಿಸ್ತಾರೆ, ಆ ಬನ್ನಿನ ಹಿಟ್ಟಿಗೂ ಏಲಕ್ಕಿ ಬೀಳತ್ತೆ.

ಮೈದಾ 500 ಗ್ರಾಂ ತೂಗಿ, ಅದರಲ್ಲಿ 25 ಗ್ರಾಂ ತೆಗೆದು 125 ಎಂಎಲ್ ಹಾಲಲ್ಲಿ ಗಂಟಿಲ್ಲದಂಗೆ ಕದಡಿ ಸಣ್ಣ ಉರಿ, ಸೌಟು ಎಳೆದ ಗೆರೆ ಒಂದು ಕ್ಷಣ ಹಂಗೇ ನಿಲ್ಲೋವರೆಗೆ ಕಾಸಿ, ಆರಿಸಿ. ಉಳಿದ ಮೈದಾಗೆ ಈ ಗಂಜಿ, ಉಗುರು ಬೆಚ್ಚಗಿನ ಹಾಲು 200 ಎಂಎಲ್, ಸಕ್ಕರೆ 75 ಗ್ರಾಂ, ಇನ್‌ಸ್ಟೆಂಟ್ ಈಸ್ಟ್ 7 ಗ್ರಾಂ, ಉಪ್ಪು ಒಂದು ಟೀ ಚಮಚ, ಏಲಕ್ಕಿ ಎರಡು ಟೀ ಚಮಚ. ಏಲಕ್ಕಿ ಪುಡಿ ಅಂಗಡಿದು ಬೇಡ, ಸಿಪ್ಪೆ ಬಿಡಿಸಿ ಕಪ್ಪು ಕಾಳು ಮಾತ್ರ ಕುಟ್ಟಾಣೀಲಿ ತರಿತರಿಯಾಗಿ ಕುಟ್ಟಿ, ಕಚ್ಚಿದಾಗ ಅಲ್ಲೊಂದು ಇಲ್ಲೊಂದು ಸಿಗಬೇಕು. ಹತ್ತು ನಿಮಿಷ ನಾದಿದ ಮೇಲೆ ಮೆತ್ತಗಿನ ಬೆಣ್ಣೆ 75 ಗ್ರಾಂ ಸ್ವಲ್ಪ ಸ್ವಲ್ಪವಾಗಿ. ಮೊದಲೇ ಬೆಣ್ಣೆ ಹಾಕಿದ್ರೆ ಹಿಟ್ಟಿಗೆ ಜಿಡ್ಡು ಸುತ್ಕೊಂಡು ಜಿಗುಟು ಬರೋಕೆ ಬಿಡಲ್ಲ. ಬೆಣ್ಣೆ ಹಾಕಿದ ತಕ್ಷಣ ಎಲ್ಲಾ ಕಲಸುಮೇಲೋಗರ ಆಗಿ ಕೈಗೆಲ್ಲ ಮೆತ್ತಿಕೊಂಡು ಅಯ್ಯೋ ಹಾಳಾಯ್ತು ಅನ್ಸತ್ತೆ, ಆಗ ಮೈದಾ ಉದುರಿಸೋಕೆ ಹೋಗ್ಬೇಡಿ ದಯವಿಟ್ಟು, ಅಲ್ಲೇ ಎಲ್ಲಾರೂ ಕೆಡೋದು. ಸುಮ್ನೆ ನಾದ್ತಾ ಹೋಗಿ, ಐದಾರು ನಿಮಿಷಕ್ಕೆ ಪಾತ್ರೆ ಬಿಟ್ಟು ಉಂಡೆ ಆಗತ್ತೆ, ಕೆನ್ನೆ ಮುಟ್ಟಿದಂಗಿರತ್ತೆ. ಒಂದು ಚೂರು ಕಿತ್ತು ಎರಡೂ ಕೈ ಬೆರಳಲ್ಲಿ ನಿಧಾನಕ್ಕೆ ಅಗಲಿಸಿ ಕಿಟಕಿ ಬೆಳಕಿಗೆ ಹಿಡೀರಿ, ಹರಿಯದೆ ಪೊರೆ ಥರ ಆಗಿ ಆ ಕಡೆ ಬೆರಳಿನ ನೆರಳು ಕಂಡ್ರೆ ಆಯ್ತು. ಒಬ್ಬಟ್ಟಿನ ಕಣಕ ನೋಡಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಎರಡರಷ್ಟು ಉಬ್ಬಲಿ. ಎಷ್ಟು ಹೊತ್ತು ಅಂತ ಕೇಳಬೇಡಿ, ಮೇ ತಿಂಗಳಲ್ಲಿ ಮುಕ್ಕಾಲು ಗಂಟೆ, ಡಿಸೆಂಬರ್ ಬೆಳಿಗ್ಗೆ ನಿಮ್ಮೂರ ಚಳೀಲಿ ಎರಡು ಗಂಟೆ, ದೋಸೆ ಹಿಟ್ಟಿಗೆ ಗಡಿಯಾರ ನೋಡ್ತೀರಾ? ಲಟ್ಟಿಸಿ, 75 ಗ್ರಾಂ ಬೆಣ್ಣೆ, 75 ಗ್ರಾಂ ಸಕ್ಕರೆ, ಇನ್ನೊಂದು ಚಮಚ ಏಲಕ್ಕಿ ಸವರಿ, ಮಡಿಸಿ, ಪಟ್ಟಿ ಕತ್ತರಿಸಿ, ತಿರುಚಿ ಗಂಟು ಹಾಕಿ, ಮತ್ತೆ ಅರ್ಧ ಗಂಟೆ ಬಿಟ್ಟು 200 ಡಿಗ್ರೀಲಿ 12ರಿಂದ 15 ನಿಮಿಷ. ಮೇಲೆ ಅವರು ಮುತ್ತಿನಂಥ ಒಂದು ಸಕ್ಕರೆ ಉದುರಿಸ್ತಾರೆ, ನಾನು ಕಲ್ಲುಸಕ್ಕರೆ ಜಜ್ಜಿ ಹಾಕ್ತೀನಿ, ಅದೇ ಚೆನ್ನಾಗಿದೆ ನಿಜ ಹೇಳಬೇಕಂದ್ರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದಿರೋ ನಮ್ಮ ಮಾವನವರು ಈ ಬನ್ನನ್ನ ಕಾಫೀಲಿ ಅದ್ದಿ ತಿಂದು ಪಾಯಸ ಬ್ರೆಡ್ಡು ಅಂತ ಹೆಸರಿಟ್ಟಿದ್ದಾರೆ.

ಈಗಾಗ್ಲೇ ಕಲ್ಲಾಗಿರೋದನ್ನ ಏನು ಮಾಡ್ಲಿ ಅಂತೀರಾ, ಹೋಳು ಮಾಡಿ 150 ಡಿಗ್ರೀಲಿ ಒಣಗಿಸಿ ರಸ್ಕ್ ಮಾಡಿ. ಬಿಸ್ಕತ್ತು ಅನ್ನೋ ಪದದ ಮೂಲ ಅರ್ಥಾನೇ ಎರಡು ಸಲ ಬೇಯಿಸಿದ್ದು ಅಂತ, ಇಟಲಿಯ ಬಿಸ್ಕೋಟೀನ ಈಗ್ಲೂ ಹಂಗೇ ಎರಡೆರಡು ಸಲ ಬೇಯಿಸ್ತಾರೆ.

ಈಸ್ಟ್ ನೊರೆನೇ ಬರಲ್ಲ. ಹಾಲು ಚೆನ್ನಾಗಿ ಬಿಸಿ ಮಾಡೇ ಹಾಕಿದ್ದೆ. – ಮಧುಗಿರಿ

ಚೆನ್ನಾಗಿ ಬಿಸಿ ಮಾಡಿದ್ದೇ ತಪ್ಪು ಕಣ್ರೀ. ಅದು ಜೀವ ಇರೋದು, 60 ಡಿಗ್ರಿ ಬಿಸಿಗೆ ಸತ್ತೇ ಹೋಗತ್ತೆ. 35-40 ಸಾಕು, ಮಗು ಸ್ನಾನಕ್ಕೆ ಮೊಣಕೈ ಅದ್ದಿ ನೋಡ್ತೀವಲ್ಲ ಅಷ್ಟು. ಅಷ್ಟಾದ್ರೂ ಹತ್ತು ನಿಮಿಷಕ್ಕೆ ನೊರೆ ಬರಲಿಲ್ಲ ಅಂದ್ರೆ ಈಸ್ಟೇ ಹಳೇದು. ಬಿಡಿಯಾಗಿ ಪೊಟ್ಟಣ ಕಟ್ಟಿ ಮಾರೋ ಈಸ್ಟ್ ತಂದು ನಾನೂ ಒಂದು ಸಲ ಒಂದು ಕೇಜಿ ಮೈದಾ ಹಾಳು ಮಾಡಿದ್ದೀನಿ, ಅಂಗಡಿಯೋನು ಮೊನ್ನೆ ತಾನೇ ಬಂದಿದ್ದು ಅಂದ, ಯಾವ ವರ್ಷದ ಮೊನ್ನೆಯೋ. ಸೀಲ್ ಇರೋ ಪ್ಯಾಕೆಟ್ ತಗೊಳ್ಳಿ, ಒಡೆದ ಮೇಲೆ ಗಾಳಿ ಆಡದ ಡಬ್ಬೀಲಿ ಫ್ರಿಜ್ಜಲ್ಲಿಡಿ.

ಮಗ ಕುವೈತಿನಿಂದ ಬರೋವಾಗ ಒಂದು ಡಬ್ಬ ತಂದಿದ್ದ, ಒಳಗೆ ಖರ್ಜೂರ, ಮೇಲೆ ಚಿತ್ತಾರ, ಬಾಯಲ್ಲಿಟ್ರೆ ಪುಡಿಪುಡಿ. ಮಾಮೂಲ್ ಅಂತೆ ಹೆಸರು. ಮಾಮೂಲಿ ಅಂತ ಕರೆದು ಮನೇಲೆಲ್ಲ ನಗಾಡ್ತಾರೆ. ಮನೇಲಿ ಆಗತ್ತಾ? – ಶಿಡ್ಲಘಟ್ಟ

ಆಗತ್ತೆ ಅಮ್ಮ, ಮಾಮೂಲಿ ರವೇಲೇ ಆಗತ್ತೆ. ಲೆಬನಾನ್, ಸಿರಿಯಾ ಕಡೆ ಮುಸಲ್ಮಾನರು ಈದ್‌ಗೆ, ಕ್ರಿಸ್ತಿಯನ್ನರು ಈಸ್ಟರಿಗೆ, ಇಬ್ಬರೂ ಮಾಡೋ ತಿಂಡಿ ಇದು. ಖರ್ಜೂರ ಇಲ್ಲಾ ಪಿಸ್ತಾ ಇಲ್ಲಾ ಅಕ್ರೋಟ್ ಹೂರಣ. ಹೂರಣ ತುಂಬಿ ಬಾಯಿ ಮುಚ್ಚೋದು ನಮಗೇನು ಹೊಸದಾ?

ಚಿರೋಟಿ ರವೆ 300 ಗ್ರಾಂ, ಕರಗಿಸಿದ ತುಪ್ಪ 150 ಗ್ರಾಂ, ಎರಡು ಚಮಚ ಸಕ್ಕರೆ ಪುಡಿ. ಇಷ್ಟನ್ನ ಎರಡೂ ಅಂಗೈ ಮಧ್ಯೆ ಉಜ್ಜಿ ಉಜ್ಜಿ ಪ್ರತಿ ಕಾಳಿಗೂ ತುಪ್ಪ ಹತ್ತಬೇಕು, ಮುಚ್ಚಿ ರಾತ್ರಿ ಪೂರ್ತಿ ಇಡಿ. ಬೆಳಿಗ್ಗೆ ಗಟ್ಟಿ ಆಗಿರತ್ತೆ, ಪುಡಿ ಮಾಡಿ ಪನ್ನೀರು ಎರಡು ಚಮಚ, ಹಾಲು ನಾಲ್ಕೈದು ಚಮಚ ಚಿಮುಕಿಸಿ ಒಟ್ಟು ಮಾಡಿ. ಚಪಾತಿ ಹಿಟ್ಟಿನ ಥರ ನಾದಲೇಬಾರದು, ನಾದಿದ್ರೆ ಪುಡಿಪುಡಿ ಆಗೋ ಗುಣ ಹೋಗಿ ಗಟ್ಟಿ ಬರತ್ತೆ, ಮುಷ್ಟಿ ಕಟ್ಟಿದ್ರೆ ನಿಲ್ಲೋ ಅಷ್ಟು ಸಾಕು. ಪನ್ನೀರು ಅಂದ್ರೆ ತಿನ್ನೋಕೆ ಆಗೋದು ಕೇಳಿ ತಗೊಳ್ಳಿ, ಮದುವೆ ಮನೇಲಿ ಚಿಮುಕಿಸೋದು ಬೇಡ. ಬೀಜ ತೆಗೆದ ಖರ್ಜೂರ 250 ಗ್ರಾಂ ಒಂದು ಚಮಚ ತುಪ್ಪದಲ್ಲಿ ಬಿಸಿ ಮಾಡಿ ಮಸೆದು ಗೋಲಿ ಕಟ್ಟಿಕೊಳ್ಳಿ.

ಅವರ ಹತ್ರ ಮರದ ಅಚ್ಚಿರತ್ತೆ, ಸೌಟಿನ ಥರ ಹಿಡಿ ಇರತ್ತೆ, ತುಂಬಿದ ಉಂಡೆ ಅದರಲ್ಲಿ ಒತ್ತಿ, ಬೋರಲು ಹಾಕಿ ಟೇಬಲ್ಲಿಗೆ ಟಪ್ ಅಂತ ಕುಟ್ಟಿದ್ರೆ ಚಿತ್ತಾರದ ಸಮೇತ ಬೀಳತ್ತೆ. ಅಚ್ಚು ಅಂದ ತಕ್ಷಣ ನಂಗೆ ಸಂಕ್ರಾಂತಿ ಸಕ್ಕರೆ ಅಚ್ಚಿನ ಮರದ ಅಚ್ಚು ನೆನಪಾಗಿ, ಅಟ್ಟ ಹತ್ತಿ ಹುಡುಕಿ ತಂದು ಒತ್ತಿ ನೋಡ್ದೆ, ಆನೆ ಸೊಂಡಿಲು ಒಳಗೇ ಉಳ್ಕೊಂತು. ಅದು ಪಾಕ ಹುಯ್ಯೋಕೆ ಮಾಡಿರೋದು, ರವೆಗಲ್ಲ. ಫೋರ್ಕಲ್ಲಿ ಸುತ್ತ ಗೀರಿ ಸಾಕು. 180 ಡಿಗ್ರಿ, 15ರಿಂದ 20 ನಿಮಿಷ, ತಳ ಮಾತ್ರ ಹೊಂಬಣ್ಣ, ಮೇಲೆ ಬೆಳ್ಳಗೇ ಇರಬೇಕು. ಬಿಸೀಲಿ ಮುಟ್ಟಿದ್ರೆ ಒಡೆದುಹೋಗತ್ತೆ.

ಕೆಲವು ಚಿಕ್ಕ ಪ್ರಶ್ನೆಗಳು, ಒಟ್ಟಿಗೆ

*ನಂದಿ ಬೆಟ್ಟದ ಬುಡದಲ್ಲಿದ್ದೀವಿ, ಎತ್ತರದ ಜಾಗದಲ್ಲಿ ಬೇಕಿಂಗ್ ಬೇರೆ ಥರ ಅಂತಾರೆ ನಿಜವಾ?* ನಿಜ, ಆದ್ರೆ ನಿಮಗಲ್ಲ. ನಿಮ್ಮ ಊರು ಸುಮಾರು 900 ಮೀಟರ್, ನೀರು 97 ಡಿಗ್ರಿಗೆ ಕುದಿಯತ್ತೆ, ಬಿಸ್ಕತ್ತಿಗೆ ಏನೂ ವ್ಯತ್ಯಾಸ ಇಲ್ಲ. ಬೆಟ್ಟದ ಮೇಲೆ, 1,478 ಮೀಟರಲ್ಲಿ ಓವನ್ ಇಟ್ಕೊಂಡು ಕೇಕ್ ಮಾಡ್ತೀನಿ ಅಂದ್ರೆ ಆಗ ಬೇಕಿಂಗ್ ಪೌಡರ್ ಸ್ವಲ್ಪ ಕಮ್ಮಿ ಮಾಡಿ.

*ಓವನ್ ಇಲ್ಲ, ಕುಕ್ಕರಲ್ಲಿ?* ಗ್ಯಾಸ್ಕೆಟ್ಟು, ವಿಷಲ್ಲು ತೆಗೀಲೇಬೇಕು. ನನ್ನ ಮಾತು ಕೇಳೋದಾದ್ರೆ ಒಳ್ಳೆ ಕುಕ್ಕರ್ ಬೇಡ, ಖಾಲಿ ಕಾಯಿಸಿ ಕಾಯಿಸಿ ಹಾಳಾಗತ್ತೆ, ಹಳೇ ದಪ್ಪ ತಳದ ಪಾತ್ರೆ ತಗೊಳ್ಳಿ, ತಳಕ್ಕೆ ಒಂದು ಇಂಚು ಉಪ್ಪು, ಮೇಲೆ ಸ್ಟ್ಯಾಂಡು, ಹತ್ತು ನಿಮಿಷ ಕಾಯಿಸಿ ಆಮೇಲೆ ತಟ್ಟೆ ಇಡಿ. ನಾನ್‌ಖಟಾಯ್ ಚೆನ್ನಾಗೇ ಬರತ್ತೆ, ಮೇಲ್ಗಡೆ ಬಣ್ಣ ಮಾತ್ರ ಬರಲ್ಲ.

*ಬೆಣ್ಣೆ ಬದಲು ಡಾಲ್ಡಾ?* ಬೇಡ. ರುಚೀನೂ ಇಲ್ಲ, ಅಂಗುಳಿಗೆ ಮೇಣ ಹತ್ತಿದಂಗೆ. ಒಂದು ಕಡೆ 200 ಗ್ರಾಂ ಬೆಣ್ಣೆಗೆ ದುಡ್ಡು ಉಳಿಸಿ ಇನ್ನೊಂದು ಕಡೆ ಮೊಬೈಲಿಗೆ ಕವರ್ ತರ್ತೀರಿ.

*ಬರೀ ರಾಗೀಲಿ ಬ್ರೆಡ್ ಆಗಲ್ವಾ ಮೇಡಂ, ನಮ್ಮ ಕೋಲಾರದ ರಾಗಿ?* ಆಗಲ್ಲ. ಗೋಧೀಲಿ ಇರೋ ಜಿಗುಟು ರಾಗೀಲಿ ಇಲ್ಲ, ಉಬ್ಬಿದ ಗಾಳಿ ಹಿಡಿಯೋಕೆ ಏನೂ ಇರಲ್ಲ, ಓವನ್ನಿಂದ ಮುದ್ದೆ ತೆಗೆದಂಗಾಗತ್ತೆ, ಮುದ್ದೆ ಬೇಕಂದ್ರೆ ಒಲೆ ಮೇಲೇ ಚೆನ್ನಾಗಿ ಆಗತ್ತಲ್ಲ. ಬ್ರೆಡ್ಡಿಗೆ ಐದರಲ್ಲಿ ಒಂದು ಪಾಲು ಹಾಕಿ. ಬಿಸ್ಕತ್ತಿಗಾದ್ರೆ ಅರ್ಧಕ್ಕರ್ಧ ನಡೆಯತ್ತೆ, ಹಿಟ್ಟನ್ನ ಘಮ್ಮನ್ನೋವರೆಗೆ ಹುರಿದು ಆರಿಸಿ ಹಾಕಿ, ಬೆಲ್ಲದ ಪುಡಿ ಹಾಕಿದ್ರೆ ಬೇಗ ಕಪ್ಪಾಗತ್ತೆ, ಹತ್ರಾನೇ ನಿಂತಿರಿ.

*ಬೇಯ್ತಾ ಇರೋವಾಗ ಕರೆಂಟ್ ಹೋದ್ರೆ?* ಬಾಗಿಲು ತೆಗೀಬೇಡಿ, ಅಷ್ಟೇ. ಹತ್ತು ನಿಮಿಷದೊಳಗೆ ಬಂದ್ರೆ ಬಚಾವು.

ನಮ್ಮ ಮನೇಲಿ ಮೊಟ್ಟೆ ಇಲ್ಲ, ಕುಕ್ಕೀಸ್‌ಗೆ ಏನೋ ಮಾಡ್ಕೋತೀನಿ, ಆದ್ರೆ ಹಬ್ಬದ ಬ್ರೆಡ್ ಒಂದಾದ್ರೂ ಮಾಡ್ಬೇಕು ಅಂತ ಆಸೆ. – ತುಮಕೂರು

ಫ್ರಾನ್ಸಿನ ಬ್ರಿಯೋಷ್, ಯಹೂದಿಗಳ ಹಾಲಾ, ಈ ಬ್ರೆಡ್‌ಗಳನ್ನ ಬಿಟ್ಟುಬಿಡಿ, ಅವುಗಳ ಜೀವಾನೇ ಮೊಟ್ಟೆ. ಹಾಲಾದಲ್ಲಂತೂ ಹಾಲೇ ಇಲ್ಲ, ಹೆಸರು ಕೇಳಿ ಮೋಸ ಹೋಗ್ಬೇಡಿ, ಶುಕ್ರವಾರ ಸಂಜೆ ಸಬ್ಬತ್ ಊಟಕ್ಕೆ ಮಾಂಸದ ಜೊತೆ ತಿನ್ನೋ ಬ್ರೆಡ್ ಅದು, ಮಾಂಸ ಹಾಲು ಎರಡನ್ನೂ ಅವರು ಬೆರೆಸಲ್ಲ.

ನಿಮಗೆ ಜರ್ಮನಿಯ ಸ್ಟೋಲನ್. ಮೊಟ್ಟೆ ಇಲ್ಲದೇನೇ ಮಾಡೋ ಕ್ರಿಸ್ಮಸ್ ಬ್ರೆಡ್, ಡ್ರೆಸ್ಡನ್ ಊರಿನದು ಹೆಸರುವಾಸಿ. ಇದರ ಕತೆ ಚೆನ್ನಾಗಿದೆ. ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ನಿಷೇಧ ಇತ್ತಂತೆ, ಎಣ್ಣೇಲಿ ಮಾಡಿ ಮಾಡಿ ಜನಕ್ಕೆ ಬೇಜಾರಾಗಿ ಅಲ್ಲಿನ ದೊರೆಗಳು ಪೋಪ್‌ಗೆ ಕಾಗದ ಬರೆದ್ರು, ಕೊನೆಗೆ 1491ರಲ್ಲಿ ಎಂಟನೇ ಇನ್ನೊಸೆಂಟ್ ಪೋಪ್ ಬೆಣ್ಣೆ ಹಾಕ್ಕೊಳ್ಳಿ ಅಂತ ಅಪ್ಪಣೆ ಕೊಟ್ರು, ಅದಕ್ಕೆ ಬೆಣ್ಣೆ ಪತ್ರ ಅಂತಾನೇ ಹೆಸರು. ಏಕಾದಶಿಗೆ ಏನು ತಿನ್ನಬಹುದು ಅಂತ ಮನೇಲಿ ನಡೆಯೋ ವಾದ ನೆನಪಾಯ್ತಾ?

ಒಣದ್ರಾಕ್ಷಿ, ಬಾದಾಮಿ ಚೂರು, ಕಿತ್ತಳೆ ಸಿಪ್ಪೆ ಸಕ್ಕರೆಗೆ ಹಾಕಿದ್ದು, ಇವನ್ನ ಹಿಂದಿನ ರಾತ್ರಿ ಕಿತ್ತಳೆ ರಸದಲ್ಲಿ ನೆನೆಸಿ, ಅವರು ರಮ್ ಹಾಕ್ತಾರೆ ನಿಮಗೆ ಬೇಡ. ಮೇಲೆ ಹೇಳಿದ ಬನ್ನಿನ ಹಿಟ್ಟನ್ನೇ ಗಂಜಿ ಇಲ್ಲದೆ ಸ್ವಲ್ಪ ಗಟ್ಟಿ ಕಲಸಿ, ಬೆಣ್ಣೆ 150 ಗ್ರಾಂವರೆಗೂ ಏರಿಸಿ, ನೆನೆದ ಹಣ್ಣು ಹಿಂಡಿ ಸೇರಿಸಿ, ಉದ್ದಕ್ಕೆ ಮಾಡಿ ಒಂದು ಸಲ ಮಡಿಸಿ, 180 ಡಿಗ್ರೀಲಿ 35-40 ನಿಮಿಷ. ಬಿಸಿ ಇರೋವಾಗ್ಲೇ ಕರಗಿದ ಬೆಣ್ಣೆ ಧಾರಾಳವಾಗಿ ಸವರಿ ಸಕ್ಕರೆ ಪುಡಿ ದಪ್ಪಕ್ಕೆ ಮೆತ್ತಿ, ಬಟ್ಟೇಲಿ ಸುತ್ತಿದ ಮಗು ಥರ ಕಾಣತ್ತೆ, ಬಾಲ ಯೇಸು ಅಂತಾನೇ ಅವರೂ ಹೇಳೋದು. ಟೂಟಿ ಫ್ರೂಟಿ ಹಾಕಬಹುದಾ ಅಂತ ಮುಂದಿನ ತಿಂಗಳು ಕೇಳಬೇಡಿ, ಅದು ಪರಂಗಿಕಾಯಿ, ಹಾಕಿ, ಆದ್ರೆ ಜರ್ಮನಿಯೋರಿಗೆ ಹೇಳಬೇಡಿ.

ಆಂಟಿ, ನಮ್ಮಜ್ಜಿ ಕೆಜಿಎಫ್‌ನೋರು, ತಾತ ಮೈನ್ಸಲ್ಲಿದ್ರು. ಕ್ರಿಸ್ಮಸ್ಸಿಗೆ ಅಜ್ಜಿ ರೋಸ್ ಕುಕ್ಕೀಸು, ಕಲ್‌ಕಲ್ ಮಾಡ್ತಿದ್ರು. ಅಚ್ಚು ನನ್ನ ಹತ್ರ ಇದೆ, ಅಜ್ಜಿ ಇಲ್ಲ. ನಾನು ಮಾಡಿದ್ರೆ ಹಿಟ್ಟು ಅಚ್ಚು ಬಿಡೋದೇ ಇಲ್ಲ. – ಆಂಡರ್ಸನ್‌ಪೇಟೆ

ನಿಮ್ಮ ಕಾಗದ ಎರಡು ಸಲ ಓದ್ದೆ ಮಗು. ಇದು ಓವನ್ ವಿಷಯ ಅಲ್ಲ, ಎಣ್ಣೆ ವಿಷಯ, ಆದ್ರೂ ಹೇಳ್ತೀನಿ. 1902ರಲ್ಲೇ ಶಿವನಸಮುದ್ರದ ಕರೆಂಟು ಬಂದ ಊರು ನಿಮ್ಮದು, ಬ್ರಿಟಿಷರು, ಆಂಗ್ಲೋ ಇಂಡಿಯನ್ನರು, ತಮಿಳು ತೆಲುಗಿನೋರು ಎಲ್ಲಾ ಸೇರಿ ಅಲ್ಲಿನ ಅಡಿಗೇನೇ ಬೇರೆ. 2001ರಲ್ಲಿ ಗಣಿ ಮುಚ್ತು, ತಿಂಡಿ ಮುಚ್ಚಲಿಲ್ಲ. ಆ ಹೂವಿನ ಅಚ್ಚು ನಾರ್ವೇಲೂ ಇದೆ, ಇರಾನಲ್ಲೂ ಇದೆ, ಕೇರಳದಲ್ಲಿ ಅಚ್ಚಪ್ಪ, ಶ್ರೀಲಂಕಾದಲ್ಲಿ ಕೋಕಿಸ್. ಎಲ್ಲೇ ಹೋದ್ರೂ ಗುಟ್ಟು ಒಂದೇ, ಅಚ್ಚು ಕಾದಿರಬೇಕು.

ಅಕ್ಕಿ ಹಿಟ್ಟು 200 ಗ್ರಾಂ, ಮೈದಾ 50, ಸಕ್ಕರೆ ಪುಡಿ 80, ಒಂದು ಮೊಟ್ಟೆ, ಗಟ್ಟಿ ತೆಂಗಿನ ಹಾಲು ನೀರ್ದೋಸೆಗಿಂತ ಸ್ವಲ್ಪ ಮಂದ ಆಗೋವಷ್ಟು. ಅಚ್ಚನ್ನ ಎಣ್ಣೆ ಒಳಗೇ ಐದು ನಿಮಿಷ ಮುಳುಗಿಸಿ ಕಾಯಿಸಿ, ತೆಗೆದು ಜಾಡಿಸಿ, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಿ, ಚುಯ್ ಅನ್ನಬೇಕು. ಪೂರ್ತಿ ಮುಳುಗಿಸಿದ್ರೆ ಹಿಟ್ಟು ಮೇಲಿಂದ ತಬ್ಬಿಕೊಂಡುಬಿಡತ್ತೆ, ನಿಮಗೆ ಆಗ್ತಿರೋದು ಬಹುಶಃ ಇದೇ. ಎಣ್ಣೇಲಿ ಅರ್ಧ ನಿಮಿಷ ಹಿಡಿದು ಅಲ್ಲಾಡಿಸಿದ್ರೆ ಜಾರತ್ತೆ, ಹಟ ಮಾಡಿದ್ರೆ ಕಡ್ಡೀಲಿ ಮೆಲ್ಲಗೆ ತಳ್ಳಿ. ಪ್ರತಿ ಸಲ ಅದ್ದೋಕೆ ಮುಂಚೆ ಅಚ್ಚು ಮತ್ತೆ ಎಣ್ಣೇಲಿ ಕಾಯಲಿ. ಆ ಅಚ್ಚನ್ನ ಸೋಪು ಹಾಕಿ ಉಜ್ಜಿದ್ರಾ? ಉಜ್ಜಿದ್ರೆ ದೋಸೆ ಕಾವಲಿ ಪಳಗಿಸಿದಂಗೆ ಮತ್ತೆ ಪಳಗಿಸಬೇಕು, ಮೊದಲು ಐದಾರು ಹೂವು ಹಾಳಾಗತ್ತೆ, ಆಗಲಿ.

ಕಲ್‌ಕಲ್ಲಿನ ಮೇಲೆ ಗೆರೆ ಮೂಡಿಸೋಕೆ ಹೊಸ ಬಾಚಣಿಗೆಗಿಂತ ಫೋರ್ಕೇ ವಾಸಿ. ಅಳತೆ ಬೇಕಾದ್ರೆ ಮತ್ತೆ ಬರೀರಿ.

ನಾನು ನಿವೃತ್ತ ಮೇಷ್ಟ್ರು, ಒಲೆ ಹಚ್ಚಿದವನಲ್ಲ. ಮೊಮ್ಮಗಳು ಜಪಾನಿನಲ್ಲಿದ್ದಾಳೆ, ದಸರೆಗೆ ಬರ್ತಾಳೆ. ಅವಳಿಗೆ ಮೆಲನ್ ಪಾನ್ ಅನ್ನೋ ಬನ್ನು ಇಷ್ಟವಂತೆ. ಕಲ್ಲಂಗಡಿ ಹಾಕೋದೋ, ಕರ್ಬೂಜ ಹಾಕೋದೋ? – ಕೋಲಾರ

ಯಾವುದೂ ಹಾಕೋದಲ್ಲ ಸಾರ್. ಮೇಲಿನ ಗೆರೆಗೆರೆ ಕರ್ಬೂಜದ ಸಿಪ್ಪೆ ಥರ ಕಾಣತ್ತೆ ಅಂತ ಆ ಹೆಸರು ಅಂತಾರೆ. ಬನ್ನಿಗೆ ಬಿಸ್ಕತ್ತಿನ ಟೋಪಿ ಹಾಕಿದ್ರೆ ಮೆಲನ್ ಪಾನ್, ಅಷ್ಟೇ. ಮೆಕ್ಸಿಕೋದಲ್ಲೂ ಇದೇ ಥರ ಒಂದಿದೆ, ಕೋಂಚಾ, ಅದರ ಟೋಪಿ ಮೇಲೆ ಶಂಖದ ಗೆರೆ.

ಕೆಳಗಿನ ಬನ್ನಿಗೆ ಚಿಕ್ಕಬಳ್ಳಾಪುರದೋರಿಗೆ ಹೇಳಿದ ಹಿಟ್ಟೇ, ಏಲಕ್ಕಿ ಬಿಟ್ಟು, ಅರ್ಧ ಅಳತೆ, ಎಂಟು ಉಂಡೆ. ಟೋಪಿಗೆ ಬೆಣ್ಣೆ 50 ಗ್ರಾಂ, ಸಕ್ಕರೆ ಪುಡಿ 70, ಒಂದು ಚಿಕ್ಕ ಮೊಟ್ಟೆ, ಮೈದಾ 150, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ. ಕಲಸಿ ಒಂದು ಗಂಟೆ ಫ್ರಿಜ್ಜು. ಎಂಟು ಭಾಗ ಮಾಡಿ, ಹಾಲಿನ ಪ್ಲಾಸ್ಟಿಕ್ ಕವರ್ ಬಿಡಿಸಿ ತೊಳೆದು ಒರೆಸಿ, ಅದರ ಮಧ್ಯೆ ಇಟ್ಟು ಪೂರಿಯಷ್ಟು ತಟ್ಟಿ, ಉಂಡೆ ಮೇಲೆ ಹೊದಿಸಿ. ತಳಕ್ಕೆ ಹೊದಿಸಬೇಡಿ, ಉಬ್ಬೋಕೆ ಜಾಗ ಬೇಕು. ಸಕ್ಕರೇಲಿ ಹೊರಳಿಸಿ, ಚಾಕುವಿನ ಬೆನ್ನಲ್ಲಿ ಚೌಕ ಚೌಕ ಗೆರೆ. ಉಬ್ಬೋಕೆ ಇಡೋವಾಗ ತುಂಬಾ ಬೆಚ್ಚಗಿನ ಜಾಗ ಬೇಡ, ಟೋಪಿ ಬೆಣ್ಣೆ ಕರಗಿ ಜಾರತ್ತೆ, ನೆರಳಲ್ಲಿ ಮುಕ್ಕಾಲು ಗಂಟೆ ಸಾಕು. 175 ಡಿಗ್ರಿ, 14-15 ನಿಮಿಷ.

ದಸರೆಗೆ ಇನ್ನೂ ಸಮಯ ಇದೆಯಲ್ಲ, ಮುಂಚೆ ಒಂದೆರಡು ಸಲ ಮಾಡಿ ನೋಡಿ ಸಾರ್. ಮೊದಲನೇ ಸಲದ್ದು ಟೋಪಿ ವಾರೆ ಆಗೇ ಆಗತ್ತೆ, ಅದನ್ನ ಅಕ್ಕಪಕ್ಕದ ಮನೆಗೆ ಕಳಿಸಿ, ಫೋಟೋ ನನಗೆ ಕಳಿಸಿ.